ನೀಲಗಂಗವ್ವನ ಒಂದೇ ಕಡುಬು

ನನ್ನ ನೆಗೆಣ್ಣಿ ನೀಲಗಂಗವ್ವನಿಗೆ ಯಾವುದನ್ನೂ ಅದರ ಪಾಡಿಗೆ ಬಿಡುವುದು ಗೊತ್ತಿರಲಿಲ್ಲ. ಅವಳು ಆ ಮನೆಯ ದೊಡ್ಡ ಸೊಸೆ, ನಾನು ಸಣ್ಣ ಸೊಸೆ. ನಾನು ಮದುವೆಯಾಗಿ ಬಂದ ಮೊದಲ ವಾರವೇ ಅವಳ ಈ ಚಾಳಿ ನೋಡಿದೆ. ಹಾಲಿನ ಗಡಿಗೆಯೊಳಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಟ್ಟು, ಹೆಪ್ಪಿಲ್ಲದೆ ಮೊಸರಾಗುತ್ತದೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ಇಣುಕುತ್ತಿದ್ದಳು.

"ಅಕ್ಕಾ, ಸುಮ್ನ ಮುಚ್ಚಿಟ್ರ ಅಲ್ಲೇನ ಆಗೂದು?" ಎಂದೆ.

"ಆಗೂದು ಹೆಂಗ ಅಂತ ನೋಡಬೇಕಲ್ಲ!" ಎಂದಳು.

ಮೊಸರೇನೋ ಆಯಿತು. ಅತ್ತೆ ಬೈದರು, ಇವಳು ಬೈಸಿಕೊಂಡಳು, ಮರುದಿನ ಹುಣಸೆಹಣ್ಣು ಹಾಕಿ ನೋಡಿದಳು. ಬೈಗುಳ ಅವಳ ಮೈಗೆ ಹತ್ತುತ್ತಲೇ ಇರಲಿಲ್ಲ. ನನಗೆ ಯಾರಾದರೂ ಒಂದು ಮಾತು ಅಂದರೆ ಎರಡು ದಿನ ಮುಖ ಊದಿಸಿಕೊಂಡಿರುವವಳು ನಾನು. ಇವಳ ಜೊತೆ ಒಂದೇ ಒಲೆಯ ಮುಂದೆ ಬಾಳಿದ್ದು ಹೇಗೆಂದು ಈಗಲೂ ನನಗೇ ಆಶ್ಚರ್ಯವಾಗುತ್ತದೆ.

ಶಿರಸಿ ಎಂದರೆ ಎಲ್ಲರೂ ಅಡಿಕೆ ಎನ್ನುತ್ತಾರೆ. ನಮ್ಮೂರು ತಾಲೂಕಿನ ಮೂಡಣ ಅಂಚಿಗೆ, ಬನವಾಸಿಯ ಕಡೆ. ನಮ್ಮದು ಭತ್ತದ ಗದ್ದೆ, ಒಂದಿಷ್ಟು ಕಬ್ಬು, ಬದುವಿನ ಮೇಲೆ ಹಲಸಿನ ಮರಗಳು. ಬೇಸಿಗೆ ಬಂತೆಂದರೆ ಊರೆಲ್ಲ ಹಲಸಿನ ವಾಸನೆ. ಪ್ರತಿ ಮನೆಯಲ್ಲೂ ಹಣ್ಣಿನ ಕಡುಬು. ತೊಳೆ ಬಿಡಿಸಿ ಸಣ್ಣಗೆ ಹೆಚ್ಚಿ, ಅಕ್ಕಿ ತರಿ, ಬೆಲ್ಲ, ಕಾಯಿತುರಿ, ಒಂದು ಚಿಟಿಕೆ ಉಪ್ಪು, ಏಲಕ್ಕಿ ಕಲಸಿ, ಬಾಳೆ ಎಲೆಯಲ್ಲಿ ಮಡಚಿ ಹಬೆಗಿಟ್ಟು, ಬಿಸಿಬಿಸಿಯಾಗಿ ತುಪ್ಪ ಹಾಕಿ ತಿನ್ನುವುದು. ನೀಲಗಂಗವ್ವ ಮಾಡಿದ ಕಡುಬೆಂದರೆ ಊರಿಗೇ ಹೆಸರು. ಅವಳಿಗೂ ಹಲಸು ಅಂದರೆ ಪ್ರಾಣ. ಕೈಗೆ ಎಣ್ಣೆ ಹಚ್ಚಿಕೊಂಡು ಹಣ್ಣು ಬಿಡಿಸಲು ಕೂತರೆ ಪಾತ್ರೆಗೆ ಬೀಳುವ ತೊಳೆಗಿಂತ ಬಾಯಿಗೆ ಬೀಳುವ ತೊಳೆಯೇ ಜಾಸ್ತಿ. "ಅಕ್ಕಾ, ಕಡುಬಿಗೂ ಒಂದಿಷ್ಟು ಇರಲಿ" ಎಂದರೆ ತುಂಬಿದ ಬಾಯಲ್ಲೇ ನಗುತ್ತಿದ್ದಳು.

ಆ ಕಡುಬಿಗೆ ಅವಳಿಗಿಂತ ದೊಡ್ಡ ಭಕ್ತರೊಬ್ಬರಿದ್ದರು, ನಮ್ಮೂರ ಅಯ್ಯನವರು ಕಲ್ಲಯ್ಯ. ಮದುವೆಗೆ, ಮಗುವಿಗೆ ಲಿಂಗ ಕಟ್ಟುವುದಕ್ಕೆ, ಸಾವಿಗೆ, ಎಲ್ಲದಕ್ಕೂ ಅವರೇ ಬೇಕು. ದಿನಕ್ಕೊಂದು ಮನೆಯಲ್ಲಿ ಅವರ ಪ್ರಸಾದ, ಸೋಮವಾರ ನಮ್ಮ ಮನೆ. ಮಣೆಯ ಮೇಲೆ ಕೂತು, ಮುಂದೆ ಅಡ್ಡಣಿಗೆಯ ಮೇಲೆ ತಾಟು ಇರಿಸಿಕೊಂಡು, ಅಂಗೈಯ ಲಿಂಗಕ್ಕೆ ಅರ್ಪಿಸಿ, ಆಮೇಲೆ ಉಣ್ಣುವುದು. ಅವರದೊಂದು ಕಟ್ಟುನಿಟ್ಟಿನ ನೇಮವಿತ್ತು. ತಾಟಿಗೆ ಬಿದ್ದದ್ದು ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಬಡಿಸಲು ಬಂದವರಿಗೆ ಬೇಡ ಎನ್ನುವಂತೆಯೂ ಇಲ್ಲ. ಎಲ್ಲ ಮುಗಿದ ಮೇಲೆ ತಾಟಿಗೆ ನೀರು ಹಾಕಿಕೊಂಡು, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು, ತಾಟು ಒರೆಸಿ ವಿಭೂತಿ ಹಚ್ಚಿ ಏಳುವುದು. ತಾಟಿಗೆ ನೀರು ಬಿತ್ತೆಂದರೆ ಊಟ ಮುಗಿಯಿತು. ಆಮೇಲೆ ದೇವರೇ ಬಂದು ಬಡಿಸಿದರೂ ಇಲ್ಲ.

ಆದರೆ ಆ ನೀರು ಹಾಕಿಕೊಳ್ಳಲು ನಮ್ಮ ಅಯ್ಯನವರಿಗೆ ಯಾವ ಅವಸರವೂ ಇರಲಿಲ್ಲ. ಕಡುಬನ್ನು ಕೊನೆಗೇ ಬಡಿಸಬೇಕು, ಆ ರುಚಿಯನ್ನು ಬಾಯಲ್ಲಿಟ್ಟುಕೊಂಡೇ ಏಳಬೇಕು. ಒಂದಾದ ಮೇಲೆ ಒಂದು ಬೀಳುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು "ಶಿವಾ, ಶಿವಾ" ಎನ್ನುತ್ತಿದ್ದರು. ಅದು ಭಕ್ತಿಯೋ ಬಾಯಿಚಪಲವೋ ಕೇಳುವ ಧೈರ್ಯ ಯಾರಿಗಿತ್ತು!

ನಮ್ಮ ಕಡೆ ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ಆ ಬೇಸಿಗೆ ಅಯ್ಯನವರ ಎಡಗಾಲಿನ ಕಿರುಬೆರಳಿಗೆ ಮುಳ್ಳು ಚುಚ್ಚಿದ್ದು ಮಾಯಲೇ ಇಲ್ಲ. ಅರಿಸಿನ ಹಚ್ಚಿದರು, ಬೇವಿನೆಲೆ ಕಟ್ಟಿದರು. ಗಾಯ ದಿನದಿನಕ್ಕೆ ಕಪ್ಪಾಗುತ್ತ ಹೋಯಿತು. ನನ್ನ ಭಾವ, ನೀಲಗಂಗವ್ವನ ಗಂಡ ವೀರಪ್ಪನವರು ಗಾಡಿ ಕಟ್ಟಿಕೊಂಡು ಅವರನ್ನು ಶಿರಸಿಗೆ ಕರೆದೊಯ್ದರು. ಜೊತೆಗೆ ಇವಳೂ ಹೊರಟಳು. ಆಸ್ಪತ್ರೆ ಹೇಗಿರುತ್ತದೆಂದು ನೋಡಬೇಕಂತೆ.

ತಿರುಗಿ ಬಂದಾಗ ಅವಳ ಮುಖ ಬಾಡಿತ್ತು. ಅಯ್ಯನವರಿಗೆ ಸಿಹಿಮೂತ್ರದ ಬೇನೆ. ಸಕ್ಕರೆ, ಬೆಲ್ಲ, ಸಿಹಿ ಕಡಿಮೆಯಾಗದಿದ್ದರೆ ಗಾಯ ಮೇಲಕ್ಕೇರುತ್ತದೆ, ಕಾಲನ್ನೇ ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಮನೆಮನೆಗೆ ನಡೆದೇ ಬದುಕುವ ಮನುಷ್ಯನಿಗೆ ಕಾಲು ಹೋದರೆ ಉಳಿಯುವುದೇನು?

"ಸಾವಿತ್ರೀ, ಎಲ್ಲಾರಿಗಿಂತ ಹೆಚ್ಚು ಕಡುಬು ತಿನ್ನಿಸಿದಾಕಿ ನಾನು" ಎಂದಳು ನೀಲಗಂಗವ್ವ, ಹಿತ್ತಲ ಕಟ್ಟೆಯ ಮೇಲೆ ಕೂತು. "ಅವರ ಕಾಲು ಹೋದ್ರ ನನ್ನ ಕೈಯಿಂದ ಹೋದಂಗ ಆತಲ್ಲವಾ." ಅಂದವಳೇ ಗಳಗಳ ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಯ್ಯನವರಿಗೆ ಮಾತ್ರ ಚಿಂತೆಯಿರಲಿಲ್ಲ. "ಲಿಂಗಕ್ಕ ಕೊಟ್ಟ ಮ್ಯಾಲ ಅದು ಪ್ರಸಾದ. ಪ್ರಸಾದಕ್ಕ ಸಕ್ಕರಿ ಎಲ್ಲಿಂದ ಬರ್ತೈತಿ ತಂಗೀ?" ಎಂದು ಮುಂದಿನ ಸೋಮವಾರ ಕುಂಟುತ್ತ ಬಂದು ಮಣೆಯ ಮೇಲೆ ಕೂತರು. ಆ ದಿನ ಇವಳು ಕಡುಬು ಮಾಡಿರಲಿಲ್ಲ. ಅಯ್ಯನವರು ಅನ್ನ ಉಂಡು, ಒಳಗಿನ ಬಾಗಿಲ ಕಡೆ ನೋಡಿ, ಮತ್ತೆ ನೋಡಿ, ಕೊನೆಗೆ ನಿಟ್ಟುಸಿರು ಬಿಟ್ಟು ನೀರು ಹಾಕಿಕೊಂಡರು. ಮರುದಿನ ಎದುರು ಮನೆ ಅನ್ನಪೂರ್ಣವ್ವನಲ್ಲಿ ಎರಡು ಮನೆಯ ಪಾಲು ಒಟ್ಟಿಗೇ ತಿಂದರು.

"ಕೊಡದ ಇದ್ರ ಇನ್ನೊಂದು ಮನ್ಯಾಗ ತಿಂತಾರ. ಅವರಿಗೆ ಆಗೂವಂಥ ಕಡುಬನ್ನ ನಾವ ಕಂಡು ಹಿಡೀಬೇಕು" ಎಂದಳು ನೀಲಗಂಗವ್ವ. ಅವಳ ಕಣ್ಣಲ್ಲಿ ಹಳೆಯ ಮೆಣಸಿನಕಾಯಿ ತೊಟ್ಟಿನ ಹೊಳಪು ಬಂದಿತ್ತು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು.

ಮೊದಲು ಬೆಲ್ಲ ತೆಗೆದು ಜೇನುತುಪ್ಪ ಹಾಕಿದಳು. ಜೇನು ಔಷಧಿಗೆ ಬರುತ್ತದಲ್ಲ, ಅದು ಕೆಟ್ಟದ್ದು ಮಾಡಲಿಕ್ಕಿಲ್ಲ ಎಂಬ ಲೆಕ್ಕ. ಅದು ಸರಿಯೋ ತಪ್ಪೋ ತಿಳಿಯುವುದು ಹೇಗೆ? ಶಿರಸಿಯೇನು ನಮ್ಮ ಹಿತ್ತಲಲ್ಲಿದೆಯೇ? ಆಗ ಇವಳು ಹುಡುಕಿದ ಉಪಾಯ ಹೇಳಲಿಕ್ಕೇ ನನಗೆ ನಾಚಿಕೆ. ಊಟವಾಗಿ ಅಯ್ಯನವರು ಪಡಸಾಲೆಯಲ್ಲಿ ಒಂದು ನಿದ್ದೆ ಮಾಡಿ, ಎದ್ದು ಹುಲ್ಲಿನ ಬಣವೆಯ ಹಿಂದೆ ಹೋಗಿ ಬರುವುದು ರೂಢಿ. ಅವರು ಹೋಗಿ ಬಂದ ಮೇಲೆ ಇವಳು ಬಣವೆಯ ಹಿಂದೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು, ಬಗ್ಗಿ ನೆಲ ನೋಡುತ್ತ ನಿಂತಳು!

"ಅಯ್ಯ ಶಿವನೇ! ಅಕ್ಕಾ, ಯಾರರೆ ಕಂಡ್ರ ಏನಂದಾರು?"

"ಇರುವಿ ಮುತ್ತತಾವೇನು ನೋಡಾಕತ್ತೀನಿ. ಮೂತ್ರದಾಗ ಸಕ್ಕರಿ ಇದ್ರ ಇರುವಿ ಬರ್ತಾವಂತ ಆಸ್ಪತ್ರ್ಯಾಗ ಒಬ್ಬಾಕಿ ಹೇಳಿದ್ಲು. ಬಾ, ನೀನೂ ನೋಡು."

"ನಾ ಯಾಕ ನೋಡ್ಲಿ!" ಎಂದು ಸೆರಗು ಮುಚ್ಚಿಕೊಂಡು ಒಳಗೆ ಓಡಿದೆ. ಇರುವೆಗಳಂತೂ ಜಾತ್ರೆಗೆ ಹೊರಟವರ ಹಾಗೆ ಸಾಲುಗಟ್ಟಿ ಬಂದಿದ್ದವಂತೆ. ಜೇನಿನ ಕಡುಬು ಅಲ್ಲಿಗೆ ಮುಗಿಯಿತು.

ಆಮೇಲೆ ಮೆಂತ್ಯದ ಹಿಟ್ಟು ಬೆರೆಸಿದಳು. ಸಿಹಿಮೂತ್ರಕ್ಕೆ ಕಹಿ ಒಳ್ಳೆಯದೆಂದು ಯಾರೋ ಅಂದಿದ್ದರು. ಅಯ್ಯನವರ ತಾಟಿಗೆ ಹಾಕುವ ಮುಂಚೆ ಬೇರೆ ದಿನ ಮಾಡಿ ನೋಡುವುದು ಅವಳ ಕ್ರಮ. ಮಾಡಿ ನೋಡುವುದು ಅವಳು, ತಿಂದು ನೋಡುವುದು ಯಾರು? ನಾನು! "ನೀ ತಿಂದು ಹೇಳು, ನಿನ್ನ ನಾಲಿಗಿ ಚುರುಕೈತಿ" ಎಂದು ಹೊಗಳಿ ಬಾಯಿಗೆ ತುರುಕುತ್ತಿದ್ದಳು. ಆ ಮೆಂತ್ಯದ ಕಡುಬು ನಾಲಿಗೆಯಿಂದ ಇಳಿದು ಗಂಟಲಿನಲ್ಲಿ ಕೂತದ್ದು ಸಂಜೆಯವರೆಗೂ ಕದಲಲಿಲ್ಲ. ಉಳಿದದ್ದನ್ನು ಎಮ್ಮೆಯ ಮುಂದಿಟ್ಟರೆ ಅದು ಮೂಸಿ ನೋಡಿ ಮುಖ ತಿರುಗಿಸಿತು. ಬೆಲ್ಲ ಹಾಕದೆ ಬರೀ ಹಣ್ಣನ್ನು ಬತ್ತಿಸಿ ಮಾಡಿದಳು, ಅದು ಬೆಲ್ಲಕ್ಕಿಂತ ಸಿಹಿಯಾಗಿ ಕೂತಿತು. ಅಕ್ಕಿ ಬಿಟ್ಟು ಜೋಳದ ತರಿ ಹಾಕಿದಳು, ಕಲ್ಲಾಯಿತು. ಎಲ್ಲ ಹಾಳು ರುಚಿಯೂ ನನ್ನ ಪಾಲಿಗೆ. "ಒಮ್ಮೆರೆ ನೀ ತಿನ್ನು" ಎಂದರೆ "ನನ್ನ ಬಾಯಿ ಸರಿ ಇಲ್ಲ" ಎಂದು ಜಾರಿಕೊಳ್ಳುತ್ತಿದ್ದಳು. ಎಷ್ಟು ಜಾಣೆ ಈಕೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಹಲಸಿನಲ್ಲೇ ದಾರಿ ಸಿಕ್ಕಿತು. ಪೂರ್ತಿ ಹಣ್ಣಾಗದ, ಬಲಿತು ಇನ್ನೇನು ಬಣ್ಣ ತಿರುಗುತ್ತಿರುವ ಕಾಯಿಯ ತೊಳೆ ಮುಕ್ಕಾಲು ಪಾಲು, ವಾಸನೆಗೆ ಮಾತ್ರ ಹಣ್ಣಿನ ತೊಳೆ ಕಾಲು ಪಾಲು. ಅಕ್ಕಿಯ ಬದಲು ನವಣೆಯ ತರಿ. ಬೆಲ್ಲ ಇಲ್ಲವೇ ಇಲ್ಲ. ಕಾಯಿತುರಿ ಧಾರಾಳ, ಏಲಕ್ಕಿಯ ಜೊತೆ ಒಣಶುಂಠಿ. ಎಲೆ ಬಿಚ್ಚಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ತಿಂದೆ. ಮೊದಲು ಸಪ್ಪೆ ಅನ್ನಿಸಿತು, ಅಗಿಯುತ್ತ ಹೋದಂತೆ ಹಿಂದಿನಿಂದ ಮೆಲ್ಲಗೆ ಸಿಹಿ ಬಂತು.

"ಹೆಂಗೈತಿ?" ಅವಳು ನನ್ನ ಬಾಯಿಯನ್ನೇ ನೋಡುತ್ತ ಉಸಿರು ಹಿಡಿದಿದ್ದಳು.

"ಛಲೋ ಐತಿ" ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಸೋಮವಾರ ಅಯ್ಯನವರು ಒಂದು ತುತ್ತು ತಿಂದು ಕಣ್ಣು ಬಿಟ್ಟರು. "ಏನೋ ಬ್ಯಾರೆ ಐತಲ್ಲ ತಂಗೀ?" ಇವಳು ಎಲ್ಲ ವಿವರಿಸಿದಳು. ಅಯ್ಯನವರು ತಲೆದೂಗಿ ಎರಡು ತಿಂದು ನೀರು ಹಾಕಿಕೊಂಡರು. ಆ ಸಂಜೆ ಬಣವೆಯ ಹಿಂದಿನಿಂದ ಬಂದ ನೀಲಗಂಗವ್ವ ಅಂಗಳದಲ್ಲೇ ಕೂಗಿದಳು, "ಸಾವಿತ್ರೀ, ಒಂದೂ ಇಲ್ಲ! ಒಂದ ಒಂದು ಇರುವಿ ಇಲ್ಲ!" ಆ ದಿನ ನಾನೂ ಹೋಗಿ ನೋಡಿದೆ. ಈಗ ಹೇಳಲಿಕ್ಕೆ ಏನಂತೆ, ನೋಡಿದೆ.

ಸುದ್ದಿ ಊರೆಲ್ಲ ಹಬ್ಬಿತು. ಹೆಂಗಸರು ನಮ್ಮ ಅಡಿಗೆ ಮನೆಗೆ ಬಂದು ಕೇಳಿಕೊಂಡು ಹೋದರು. ಎಲ್ಲ ಮನೆಗಳಲ್ಲೂ ನವಣೆಯ ಕಡುಬು. ನೀಲಗಂಗವ್ವ ನೆಲಕ್ಕೆ ಕಾಲು ತಾಗದ ಹಾಗೆ ಓಡಾಡಿದಳು. ಅಯ್ಯನವರ ಕಾಲು ಉಳಿಯಿತೆಂದೇ ನಾವೆಲ್ಲ ತಿಳಿದೆವು.

ಗಾಯ ಮಾತ್ರ ದೊಡ್ಡದಾಯಿತು. ಪಾದದ ಮೇಲೆ ಬಾವು ಏರಿತು. ಬಣವೆಯ ಹಿಂದೆ ಇರುವೆಗಳು ಮತ್ತೆ ಬಂದವು. ನೀಲಗಂಗವ್ವ ಅನ್ನ ಬಿಟ್ಟವಳ ಹಾಗೆ ಆದಳು. ತಾನು ಎಲ್ಲಿ ತಪ್ಪಿದೆ ಎಂದು ತಿಳಿಯದೆ, ಒಂದು ಮಂಗಳವಾರ ಮಜ್ಜಿಗೆ ಕೇಳುವ ನೆವದಲ್ಲಿ ಅನ್ನಪೂರ್ಣವ್ವನ ಮನೆಗೆ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಅಯ್ಯನವರು ಊಟಕ್ಕೆ ಕೂತಿದ್ದರು.

"ತಗೋರಿ ಅಯ್ಯಾರ, ಇನ್ನೊಂದು ತಗೋರಿ. ಇದು ನೀಲಗಂಗವ್ವನ ಔಷಧದ ಕಡುಬು, ಎಷ್ಟು ತಿಂದ್ರೂ ಏನೂ ಆಗೂದಿಲ್ಲ" ಎನ್ನುತ್ತ ಅನ್ನಪೂರ್ಣವ್ವ ಒಂದರ ಮೇಲೊಂದು ಹಾಕುತ್ತಿದ್ದಳು. ಮೊದಲಾದರೆ ಸಕ್ಕರೆ ಬೇನೆಯ ಅಂಜಿಕೆಯಿಂದ ಜನ ಸ್ವಲ್ಪ ಕೈ ಹಿಡಿದು ಬಡಿಸುತ್ತಿದ್ದರು. ಈಗ ಯಾರಿಗೂ ಅಂಜಿಕೆಯಿಲ್ಲ. ಎರಡು ಹಾಕುತ್ತಿದ್ದವರು ನಾಲ್ಕು ಹಾಕುತ್ತಿದ್ದರು. ಔಷಧವನ್ನು ಬೇಡ ಎನ್ನಲು ಅಯ್ಯನವರಿಗೇನು ಹುಚ್ಚೇ?

ನೀಲಗಂಗವ್ವ ಮಜ್ಜಿಗೆ ಕೇಳಲಿಲ್ಲ. ಮನೆಗೆ ಬಂದು, ಗಂಡನಿಗೆ ಗಾಡಿ ಕಟ್ಟಲು ಹೇಳಿ, ಅಯ್ಯನವರನ್ನು ಹತ್ತಿಸಿಕೊಂಡು ಮತ್ತೆ ಶಿರಸಿಗೆ ಹೋದಳು. ಈ ಸಲ ನಾನೂ ಹೋಗಿದ್ದೆ. ಡಾಕ್ಟರು ಯಲ್ಲಾಪುರದಿಂದ ವರ್ಗವಾಗಿ ಬಂದ ತರುಣ, ಸಮಾಧಾನದ ಮನುಷ್ಯ. ಇವಳು ಕಡುಬಿನ ಕಥೆ, ಇರುವೆಯ ಕಥೆ ಎರಡನ್ನೂ ಬಿಡದೆ ಹೇಳಿದಳು. ನಾನು ಗೋಡೆ ಕಡೆ ಮುಖ ಮಾಡಿ ನಿಂತೆ. ಅವರು ನಗಲಿಲ್ಲ.

"ಇರುವೆ ಸುಳ್ಳು ಹೇಳೋದಿಲ್ಲ ತಾಯಿ, ಆದರೆ ತಡವಾಗಿ ಹೇಳ್ತದೆ" ಎಂದರು. "ಬೆಲ್ಲ ತೆಗೆದದ್ದು ಒಳ್ಳೇದಾಯ್ತು. ಆದರೆ ಹಣ್ಣಿನೊಳಗೂ ಸಕ್ಕರೆ ಇದೆ, ನವಣೆಯೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗ್ತದೆ. ನಿಮ್ಮ ಕಡುಬು ಅಪರೂಪಕ್ಕೆ ಒಂದು ತಿಂದರೆ ತಡೆದೀತು. ನಾಲ್ಕು ತಿಂದರೆ ಹಳೇ ಕಡುಬೇ."

"ಒಂದಕ್ಕ ನಿಲ್ಲಿಸೂದು ಹೆಂಗರೀ?" ಎಂದಳು.

"ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲವಲ್ಲ" ಎಂದರು ಡಾಕ್ಟರು. ಕಿರುಬೆರಳು ಕೊಳೆತಿತ್ತು, ತೆಗೆದರು. ಇನ್ನೊಮ್ಮೆ ಹೀಗಾದರೆ ಮೊಣಕಾಲಿನವರೆಗೂ ಹೋಗುತ್ತದೆ ಎಂದರು. ಹೊರಗೆ ಬಾಗಿಲ ಬಳಿ ಕೂತಿದ್ದ ನಮಗೆ ಅಯ್ಯನವರು ನೋವಿಗೆ "ಶಿವಾ" ಎಂದು ಕೂಗಿದ್ದು ಕೇಳಿಸಿತು. ನೀಲಗಂಗವ್ವ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆ ಒಡೆಯಿತು.

ಅಯ್ಯನವರು ಊರಿಗೆ ಮರಳಿ, ಕೋಲೂರಿಕೊಂಡು ಓಡಾಡುವ ಹಾಗಾದ ಮೇಲೆ ಮೊದಲ ಸೋಮವಾರ ಬಂತು. ಮಳೆಗಾಲದ ಕೊನೆಯ ಹಲಸು ಒಂದು ಉಳಿದಿತ್ತು. ಇವಳು ನವಣೆಯ ಕಡುಬು ಮಾಡಿದಳು. ರೊಟ್ಟಿ, ಪಲ್ಯ, ಅನ್ನ ಆಯಿತು. ಒಂದು ಕಡುಬು ಬಡಿಸಿದಳು. ಅಯ್ಯನವರು ಕಣ್ಣು ಮುಚ್ಚಿ ತಿಂದು ಮುಗಿಸಿ, ಎಂದಿನಂತೆ ಎರಡನೆಯದಕ್ಕೆ ತಾಟನ್ನು ಸ್ವಲ್ಪ ಮುಂದೆ ಸರಿಸಿದರು. ನಾನು ಕಡುಬಿನ ಬುಟ್ಟಿ ಹಿಡಿದು ನಿಂತಿದ್ದೆ.

ನೀಲಗಂಗವ್ವ ತಂಬಿಗೆ ತೆಗೆದುಕೊಂಡು ಬಗ್ಗಿ, ಅಯ್ಯನವರ ತಾಟಿಗೆ ನೀರು ಸುರಿದುಬಿಟ್ಟಳು.

ನನ್ನ ಕೈಯಲ್ಲಿದ್ದ ಬುಟ್ಟಿ ಜಾರಿತು. ಉಣ್ಣುತ್ತ ಕೂತವರ ತಾಟಿಗೆ ಮನೆಯವಳು ನೀರು ಹಾಕುವುದೆಂದರೆ, ಸಾಕು ಏಳು ಎಂದ ಹಾಗೆ. ಅದೂ ಅಯ್ಯನವರಿಗೆ! ಭಾವ "ಏ!" ಎಂದು ಗದರಿ ಎದ್ದು ನಿಂತರು. ಅಯ್ಯನವರು ತಾಟಿನ ನೀರನ್ನು ನೋಡಿದರು, ಇವಳ ಮುಖ ನೋಡಿದರು. ಇವಳು ತಂಬಿಗೆ ಕೆಳಗಿಡಲಿಲ್ಲ.

"ನನ್ನ ಶಪಿಸ್ರಿ ಅಯ್ಯಾರ" ಎಂದಳು. "ಕಾಲು ಮಾತ್ರ ಉಳಿಸ್ಕೋರಿ."

ನೀರು ಬಿದ್ದ ತಾಟು. ನೇಮ ಅಂದರೆ ನೇಮ. ಅಯ್ಯನವರು ಬೆರಳಿನಿಂದ ತಾಟು ತೊಳೆದು, ಎತ್ತಿ ಕುಡಿದು, ಒರೆಸಿ, ವಿಭೂತಿ ಹಚ್ಚಿ ಎದ್ದರು. ಕೋಲೂರಿಕೊಂಡು ಹೊರಟುಹೋದರು. ಪಡಸಾಲೆಯ ನಿದ್ದೆಯೂ ಇಲ್ಲ, ಆಶೀರ್ವಾದವೂ ಇಲ್ಲ.

ಭಾವ ಆ ದಿನ ಇವಳ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಜಂಗಮನನ್ನು ಎಬ್ಬಿಸಿ ಕಳಿಸಿದಳೆಂದು ಊರೆಲ್ಲ ಆಡಿಕೊಂಡಿತು. ನಾನಂತೂ, "ನಿನ್ನ ಹುಚ್ಚಾಟಕ್ಕ ಮನಿ ಮರ್ಯಾದಿ ಹೋತು" ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಪಾತ್ರೆ ತಿಕ್ಕುತ್ತಲೇ ಇದ್ದಳು.

ಮರುದಿನ ಮಧ್ಯಾಹ್ನ ಅನ್ನಪೂರ್ಣವ್ವ ದುಮುದುಮು ಎನ್ನುತ್ತ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. "ಏನ್ ಮಾಡಿಟ್ಟೀ ನೀಲಗಂಗವ್ವಾ? ಹೊತ್ತೇಳೂದಕ್ಕ ಎದ್ದು ಕಡುಬು ಮಾಡೀನಿ. ಅಯ್ಯಾರು ಒಂದು ತಿಂದ್ರು, ತಮ್ಮ ಕೈಲೇ ತಂಬಿಗಿ ಎತ್ತಿ ನೀರು ಹಾಕ್ಕೊಂಡ್ರು! ಎರಡನೇದ್ದು ಹಿಡ್ಕೊಂಡು ನಿಂತಾಕಿ ಹಂಗ ನಿಂತೆ!"

ನೀಲಗಂಗವ್ವ ಮಸಿಗೈಯಲ್ಲೇ ಅವಳನ್ನು ತಬ್ಬಿಕೊಂಡಳು. ಅನ್ನಪೂರ್ಣವ್ವನ ಹೊಸ ಸೀರೆ ಹಾಳಾಯಿತು. ಆ ಜಗಳ ಬೇರೆಯೇ ಒಂದು ಕಥೆ.

ಅಲ್ಲಿಂದ ಮುಂದೆ ಅಯ್ಯನವರು ಎಲ್ಲ ಮನೆಗಳಲ್ಲೂ ಹಾಗೆಯೇ ಮಾಡಿದರು. ಅನ್ನಕ್ಕೂ ಒಂದೇ ಸೌಟು, ಸಿಹಿಗೂ ಒಂದೇ ತುಣುಕು, ಆಮೇಲೆ ನೀರು. ಬೇಡ ಎನ್ನಬಾರದೆಂಬ ನೇಮವೂ ಉಳಿಯಿತು. ಆದರೆ ಸೋಮವಾರ ಮಾತ್ರ ನಮ್ಮ ಮನೆಗೆ ಬರಲಿಲ್ಲ. ನಮ್ಮ ಬಾಗಿಲ ಮುಂದೆಯೇ ಹಾದು ಮುಂದಿನ ಮನೆಗೆ ಹೋಗುತ್ತಿದ್ದರು. ನೀಲಗಂಗವ್ವ ಕಿಟಕಿಯಲ್ಲಿ ನಿಂತು ಅವರ ಪಾದ ನೋಡುತ್ತಿದ್ದಳು. ಬಾವು ಇಳಿದಿದೆ, ಇವತ್ತು ಕೋಲಿನ ಮೇಲೆ ಭಾರ ಕಮ್ಮಿ ಹಾಕಿದರು ಎಂದು ನನಗೆ ಬಂದು ಹೇಳುತ್ತಿದ್ದಳು. ಕರೆದರೂ ಬರದವರನ್ನು ಹಾಗೆ ನೋಡುತ್ತ ನಿಲ್ಲುವ ಅವಳನ್ನು ಕಂಡು ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಎಂದೂ ಅನ್ನಿಸುತ್ತಿತ್ತು.

ಮತ್ತೆ ಹಲಸಿನ ಕಾಲ ಬಂತು. ಒಂದು ಸೋಮವಾರ ಬೆಳಿಗ್ಗೆ ಇಬ್ಬರೂ ಹಿತ್ತಲಲ್ಲಿ ಹಣ್ಣು ಬಿಡಿಸುತ್ತ ಕೂತಿದ್ದೆವು. ನಾನು ಚೆಂದದ ಒಂದು ತೊಳೆ ಆರಿಸಿ ಅವಳ ಬಾಯಿಗೆ ಹಿಡಿದೆ. ಅವಳು ಮುಖ ತಿರುಗಿಸಿದಳು. ಆಗಲೇ ನನಗೆ ಹೊಳೆದದ್ದು. ಇಷ್ಟು ಹೊತ್ತೂ ಅವಳ ಕೈಯಿಂದ ಒಂದು ತೊಳೆಯೂ ಬಾಯಿಗೆ ಹೋಗಿರಲಿಲ್ಲ. ಹೋದ ವರ್ಷ ಆಸ್ಪತ್ರೆಯಿಂದ ಬಂದ ಮೇಲೂ ಹೋಗಿರಲಿಲ್ಲ.

"ಅಕ್ಕಾ, ನೀ ಹಲಸು ಬಿಟ್ಟೀ?"

"ಅಯ್ಯಾರು ತಮ್ಮ ಬಾಯಿಲೇ ಕಾಲು ಮಾಯ್ದೈತಿ ಅಂತ ನನಗ ಹೇಳೂತನಕ ಹಲಸು ಮುಟ್ಟಂಗಿಲ್ಲ ಅಂತ ಲಿಂಗದ ಮುಂದ ಅಂದೀನಿ" ಎಂದಳು, ತಲೆ ಎತ್ತದೆ. "ಅದಕ್ಕ ನಿನಗ ತಿನ್ನಸ್ತಿದ್ದೆ. ಬ್ಯಾಸರ ಮಾಡ್ಕೋಬ್ಯಾಡ."

ನಾನು ಎದ್ದೆ. ಅಂಟು ಕೈಯಲ್ಲೇ ಬೀದಿಗೆ ಓಡಿ, ಮುಂದಿನ ಮನೆಗೆ ಹೊರಟಿದ್ದ ಅಯ್ಯನವರನ್ನು ಅಡ್ಡಗಟ್ಟಿ, ನಡುಬೀದಿಯಲ್ಲೇ ಎಲ್ಲವನ್ನೂ ಹೇಳಿದೆ. ಅಳುತ್ತ ಹೇಳಿದೆ, ಬೈಯುತ್ತಲೂ ಹೇಳಿದೆನೇನೋ. ಅಯ್ಯನವರು ಕೋಲು ಊರಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ನಮ್ಮ ಮನೆಯ ಕಡೆ ತಿರುಗಿದರು.

"ಸಿಟ್ಟಿನಿಂದ ನಿಮ್ಮ ಮನಿ ಬಿಟ್ಟಿದ್ದಲ್ಲವಾ" ಎಂದರು ದಾರಿಯಲ್ಲಿ. "ಆಕಿ ಕೈ ಕಡುಬಿನ ಮುಂದ ಕೂತ್ರ ನೀರು ಹಾಕ್ಕೊಳ್ಳಾಕ ನನ್ನ ಕೈ ಬರೂದಿಲ್ಲ ಅಂತ ಅಂಜಿದ್ದೆ."

ನವಣೆಯ ಕಡುಬು ಬೇಯುವವರೆಗೆ ಅಯ್ಯನವರು ಪಡಸಾಲೆಯಲ್ಲಿ ಕೂತರು, ಆಮೇಲೆ ಮಣೆ ಹಾಕಿದೆವು, ಅಡ್ಡಣಿಗೆ ಇಟ್ಟೆವು. ನೀಲಗಂಗವ್ವ ಕಣ್ಣೊರೆಸಿಕೊಳ್ಳುತ್ತಲೇ ಎಲ್ಲ ಬಡಿಸಿ, ಕೊನೆಗೆ ಒಂದು ಕಡುಬು ಇಟ್ಟಳು. ಅಯ್ಯನವರು ಅದನ್ನು ಲಿಂಗಕ್ಕೆ ಅರ್ಪಿಸಿ, ನಡುವೆ ಮುರಿದು, ಅರ್ಧವನ್ನು ಎತ್ತಿ ಅವಳ ಕಡೆ ನೀಡಿದರು.

"ಕಾಲು ಮಾಯ್ದೈತಿ ತಂಗೀ. ಇದು ಪ್ರಸಾದ. ಬ್ಯಾಡ ಅನ್ನಾಂಗಿಲ್ಲ."

ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ನಿಂತಲ್ಲೇ ಬಾಯಿಗಿಟ್ಟು ಮೆಲ್ಲಗೆ ಅಗಿದಳು. ಎಷ್ಟೋ ಹೊತ್ತು ಅಗಿದಳು. ಇನ್ನೇನು ಅಳುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದಳು.

"ಸಾವಿತ್ರೀ! ಇದಕ್ಕ ಉಪ್ಪ ಇಲ್ಲಲ್ಲ! ವರ್ಷಾನಗಟ್ಟಲೆ ಛಲೋ ಐತಿ ಛಲೋ ಐತಿ ಅಂದೀ, ಒಂದು ಚಿಟಿಕಿ ಉಪ್ಪು ಬೇಕು ಅಂತ ಹೇಳಾಕ ಏನಾಗಿತ್ತ?"

ಅಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುರಿದು ಉಳಿದಿದ್ದ ಅರ್ಧವನ್ನು ತಿಂದು, ಖಾಲಿ ತಾಟನ್ನು ಅವಳ ಕಡೆ ಸರಿಸಿದರು.

"ನೀನ ನೀರು ಹಾಕು ನೀಲಗಂಗವ್ವಾ" ಎಂದರು. ಅವಳು ತಂಬಿಗೆ ಎತ್ತಿಕೊಂಡಳು.